ಪ್ರಳಯದ ಪಾಪಿಯೂ ಹೊಳೆಯ ಸಲಮ್ಯಾಂಡರೂ

ಹಾಲೆಂಡಿನ ಹಾರ್ಲೆಮ್ ಊರಿನಲ್ಲಿ ಟೈಲರ್ಸ್ ಎಂಬ ಹಳೆಯ ಮ್ಯೂಸಿಯಂ ಇದೆ. 1784ರಲ್ಲಿ ಬಾಗಿಲು ತೆರೆದದ್ದು. ಅಲ್ಲಿರುವ ಪಳೆಯುಳಿಕೆಗಳ ನಡುವೆ ಒಂದು ಕಲ್ಲಿನ ಹಲಗೆ. ಅದರಲ್ಲಿ ಅಗಲವಾದ ತಲೆ, ಅದರ ಹಿಂದೆ ಸಾಲಾಗಿ ಬೆನ್ನೆಲುಬಿನ ಮಣಿಗಳು, ಎರಡೂ ಪಕ್ಕಕ್ಕೆ ಚಾಚಿದ ಪುಟ್ಟ ಕೈಗಳು. ಈ ಕಲ್ಲಿಗೆ ಒಂದು ವಿಚಿತ್ರ ಚರಿತ್ರೆ ಇದೆ. ಸುಮಾರು ಮೂವತ್ತು ವರ್ಷ ಇದನ್ನು ಒಬ್ಬ ಮನುಷ್ಯನ ಅಸ್ಥಿಪಂಜರ ಎಂದು ಪಂಡಿತರು ನಂಬಿದ್ದರು. ಅದೂ ಅಂತಿಂಥ ಮನುಷ್ಯನಲ್ಲ, ನೋಹನ ಕಾಲದ ಪ್ರಳಯದಲ್ಲಿ ಮುಳುಗಿ ಸತ್ತ ಪಾಪಿ!

ಹಾಗೆ ನಂಬಿಸಿದ್ದು ಕಲ್ಲಲ್ಲ, ಕಲ್ಲಿನ ಒಂದು ಚಿತ್ರ.

ಆ ಚಿತ್ರದ ಕಥೆಯನ್ನೂ, ಅದೇ ಪ್ರಾಣಿಯ ಬೇರೆ ಬೇರೆ ಚಿತ್ರಗಳ ಕಥೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ಪ್ರಾಣಿಯ ಹೆಸರು ದೈತ್ಯ ಸಲಮ್ಯಾಂಡರ್. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ಯಾಕೆಂದರೆ ನಮ್ಮ ಕಡೆ ಸಲಮ್ಯಾಂಡರ್‌ಗಳೇ ಇಲ್ಲ. ಭಾರತದಲ್ಲಿ ಡಾರ್ಜಿಲಿಂಗ್, ಸಿಕ್ಕಿಂ, ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ ಇದರ ಸಣ್ಣ ನೆಂಟರಿದ್ದಾರೆ. ನೋಡಲು ಹಲ್ಲಿಯ ಹಾಗೆ ಕಂಡರೂ ಇದು ಹಲ್ಲಿಯ ಕುಲದ್ದಲ್ಲ, ಕಪ್ಪೆಯ ಬಂಧು. ಮೈಮೇಲೆ ಹುರುಪೆ ಇಲ್ಲ, ಒದ್ದೆ ಚರ್ಮ. ಮೊಟ್ಟೆ ಇಡುವುದು ನೀರಿನಲ್ಲಿ.

ಜಪಾನಿನ ದೈತ್ಯ ಸಲಮ್ಯಾಂಡರ್ ಒಂದೂವರೆ ಮೀಟರಿನಷ್ಟು ಬೆಳೆಯುತ್ತದೆ. ಚೀನಾದ್ದು ಇನ್ನೂ ಉದ್ದ, 1.8 ಮೀಟರಿನವರೆಗೆ. ಅಂದರೆ ಆರಡಿ ಆಳಿನಷ್ಟು! ಈಗ ಬದುಕಿರುವ ಉಭಯಚರಗಳಲ್ಲಿ ಇವಕ್ಕಿಂತ ದೊಡ್ಡವು ಇಲ್ಲ. ತಣ್ಣಗೆ ಹರಿಯುವ ಬೆಟ್ಟದ ಹೊಳೆಗಳಲ್ಲಿ, ಬಂಡೆಯ ಸಂದಿಯಲ್ಲಿ ಹಗಲೆಲ್ಲ ಅಡಗಿದ್ದು ರಾತ್ರಿ ಹೊರಬರುತ್ತದೆ. ಕಣ್ಣುಗಳು ಸಾಸಿವೆಯಷ್ಟು ಎನ್ನಿಸುವಷ್ಟು ಚಿಕ್ಕವು, ರೆಪ್ಪೆಗಳಿಲ್ಲ. ಉಸಿರಾಟವೆಲ್ಲ ಹೆಚ್ಚುಕಡಿಮೆ ಚರ್ಮದ ಮೂಲಕವೇ. ಅದಕ್ಕೇ ಎರಡೂ ಪಕ್ಕದಲ್ಲಿ ಸೀರೆಯ ನಿರಿಗೆಯ ಹಾಗೆ ಚರ್ಮ ಮಡಿಚಿಕೊಂಡಿರುತ್ತದೆ. ಚರ್ಮ ಹೆಚ್ಚಿದ್ದಷ್ಟೂ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕ ಹೆಚ್ಚು. ಕೋಟ್ಯಂತರ ವರ್ಷಗಳಿಂದ ಇದರ ಕುಲದ ಎಲುಬಿನ ಚೌಕಟ್ಟು ಹೆಚ್ಚು ಬದಲಾಗಿಲ್ಲ ಎಂಬ ಕಾರಣಕ್ಕೆ ಇದನ್ನು 'ಜೀವಂತ ಪಳೆಯುಳಿಕೆ' ಎಂದು ಕರೆಯುತ್ತಾರೆ.

ಇರಲಿ, ಈಗ ಪಾಪಿಯ ಕಥೆಗೆ ಬರೋಣ.

ಮೀನುಗಳ ದೂರು

ಯೋಹಾನ್ ಯಾಕೋಬ್ ಶಾಯ್ಕ್ಸರ್ (1672-1733) ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಪಟ್ಟಣದ ವೈದ್ಯ. ಪಳೆಯುಳಿಕೆಗಳನ್ನು ಸಂಗ್ರಹಿಸುವ ಹುಚ್ಚು. ಆ ಕಾಲದಲ್ಲಿ ಕಲ್ಲಿನೊಳಗೆ ಮೀನು, ಎಲೆ, ಚಿಪ್ಪು ಕಂಡರೆ 'ಇದು ಪ್ರಕೃತಿ ಆಡಿದ ಆಟ, ಕಲ್ಲು ತಾನೇ ಆ ಆಕಾರ ತಾಳಿದೆ' ಎನ್ನುವವರು ಬಹಳ ಜನ ಇದ್ದರು. ಶಾಯ್ಕ್ಸರ್ ಕೂಡ ಮೊದಲು ಹಾಗೆಯೇ ಅಂದುಕೊಂಡಿದ್ದ. ಆಮೇಲೆ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬವನ ಪುಸ್ತಕವನ್ನು 1704ರಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದ. ಅಲ್ಲಿಂದ ಅವನ ಅಭಿಪ್ರಾಯ ಬದಲಾಯಿತು. ಇವೆಲ್ಲ ಒಂದು ಕಾಲದಲ್ಲಿ ಜೀವವಿದ್ದ ಪ್ರಾಣಿ-ಸಸ್ಯಗಳೇ, ಬೈಬಲ್ಲಿನ ಜಲಪ್ರಳಯದಲ್ಲಿ ಕೆಸರಿನಲ್ಲಿ ಹೂತು ಕಲ್ಲಾದವು ಎಂದು ಹೊರಟ.

ಗಮನಿಸಿ, ಅರ್ಧ ಮಾತು ಸರಿಯೇ ಇತ್ತು. ಪಳೆಯುಳಿಕೆಗಳು ನಿಜವಾದ ಜೀವಿಗಳ ಅವಶೇಷ ಎಂದು ವಾದಿಸಿದವರಲ್ಲಿ ಅವನು ಮುಂದಿನ ಸಾಲಿನವನು. 1708ರಲ್ಲಿ ಒಂದು ತಮಾಷೆಯ ಪುಸ್ತಕವನ್ನೂ ಬರೆದ. ಅದರಲ್ಲಿ ಕಲ್ಲಾದ ಮೀನುಗಳೇ ಲ್ಯಾಟಿನ್ನಿನಲ್ಲಿ ಮಾತಾಡುತ್ತವೆ. ಪಾಪ ಮಾಡಿದವರು ಮನುಷ್ಯರು, ಪ್ರಳಯದಲ್ಲಿ ಸತ್ತವರು ನಾವು, ಈಗ ನೀವು ನಮ್ಮನ್ನು ಬರಿಯ ಕಲ್ಲು ಎನ್ನುತ್ತೀರಲ್ಲ ಎಂಬುದು ಅವುಗಳ ದೂರು. ಮರುವರ್ಷ ಪ್ರಳಯದ ಸಸ್ಯಗಳ ಬಗ್ಗೆ ಇನ್ನೊಂದು ಪುಸ್ತಕ.

ಮೀನು ಸಿಕ್ಕಿತು, ಎಲೆ ಸಿಕ್ಕಿತು. ಆದರೆ ಯಾರಿಗಾಗಿ ಪ್ರಳಯ ಬಂತೋ ಆ ಮನುಷ್ಯ ಎಲ್ಲಿ? ನಮ್ಮ ಮತ್ಸ್ಯಾವತಾರದ ಕಥೆಯಲ್ಲಿ ಮನುವಿನ ದೋಣಿ ಹತ್ತದೇ ಉಳಿದವರ ಮೂಳೆ ಎಲ್ಲಿದೆ ಎಂದು ಯಾರಾದರೂ ಹುಡುಕಲು ಹೊರಟ ಹಾಗೆ ಇದು. ಶಾಯ್ಕ್ಸರ್ ಬಹಳ ವರ್ಷ ಹುಡುಕಿದ.

1725ರಲ್ಲಿ ಕಾನ್‌ಸ್ಟಾನ್ಸ್ ಸರೋವರದ ಹತ್ತಿರದ ಓನಿಂಗನ್ ಎಂಬಲ್ಲಿನ ಸುಣ್ಣದ ಕಲ್ಲಿನ ಗಣಿಯಲ್ಲಿ ಒಂದು ಹಲಗೆ ಸಿಕ್ಕಿತು. ದೊಡ್ಡ ದುಂಡು ತಲೆ, ಎರಡು ಕಣ್ಣಿನ ಗುಳಿ, ಬೆನ್ನೆಲುಬು. 1726ರಲ್ಲಿ ಶಾಯ್ಕ್ಸರ್ ಅದರ ಚಿತ್ರವನ್ನು ಮರದ ಅಚ್ಚಿನಲ್ಲಿ ಕೊರೆಸಿ, ಒಂದೇ ಹಾಳೆಯಲ್ಲಿ ವಿವರಣೆ ಸಮೇತ ಮುದ್ರಿಸಿ ಹಂಚಿದ. ತಲೆಬರಹ 'ಹೋಮೋ ಡಿಲುವಿಯೈ ಟೆಸ್ಟಿಸ್' - ಪ್ರಳಯವನ್ನು ಕಂಡ ಮನುಷ್ಯ, ಪ್ರಳಯದ ಸಾಕ್ಷಿ. ಇದು ಹಣೆ, ಇದು ಕಣ್ಣಿನ ಗೂಡು, ಇವು ಕುತ್ತಿಗೆಯ ಮಣಿಗಳು ಎಂದು ವೈದ್ಯನ ಠೀವಿಯಲ್ಲಿ ಒಂದೊಂದನ್ನೇ ಎಣಿಸಿದ್ದ. ಮುಂದೆ 1731ರಿಂದ 1735ರವರೆಗೆ ಬಂದ ಅವನ ಬೃಹತ್ ಸಚಿತ್ರ ಬೈಬಲ್ ಗ್ರಂಥದಲ್ಲೂ, ತಾಮ್ರದ ತಗಡಿನಲ್ಲಿ ಕೊರೆದ ಏಳುನೂರಕ್ಕೂ ಹೆಚ್ಚು ಚಿತ್ರಗಳ ನಡುವೆ, ಈ ಪಾಪಿಗೂ ಜಾಗ ಸಿಕ್ಕಿತು.

ಆ ಕಾಲದಲ್ಲಿ ಕಲ್ಲನ್ನು ಕಣ್ಣಾರೆ ನೋಡಿದವರು ಕೆಲವೇ ಜನ. ಚಿತ್ರವನ್ನು ನೋಡಿದವರು ಯುರೋಪಿನ ತುಂಬ. ಚಿತ್ರದ ಪಕ್ಕದಲ್ಲಿ 'ಮನುಷ್ಯ' ಎಂದು ಬರೆದಿದ್ದರೆ ಕಣ್ಣು ಅಲ್ಲಿ ಮನುಷ್ಯನನ್ನೇ ಹುಡುಕುತ್ತದೆ. ಮೋಡದಲ್ಲಿ ಆನೆ ಇದೆ ಎಂದು ಒಬ್ಬರು ಬೆರಳು ತೋರಿಸಿದ ಮೇಲೆ ಉಳಿದವರಿಗೂ ಸೊಂಡಿಲು ಕಾಣುತ್ತದಲ್ಲ, ಹಾಗೆ.

ಶಾಯ್ಕ್ಸರ್ ಮೋಸಗಾರನಲ್ಲ. ಕಲ್ಲಿನಲ್ಲಿ ಇಲ್ಲದ್ದೇನನ್ನೂ ಸೇರಿಸಲಿಲ್ಲ. ಕಲ್ಲಿನೊಳಗೆ ಇನ್ನೂ ಮುಚ್ಚಿಕೊಂಡಿದ್ದನ್ನು ಮಾತ್ರ ತನಗೆ ಬೇಕಾದ ಹಾಗೆ ಮನಸ್ಸಿನಲ್ಲಿ ತುಂಬಿಕೊಂಡ. 1733ರಲ್ಲಿ ಸಾಯುವವರೆಗೂ ಅವನ ನಂಬಿಕೆ ಅಲ್ಲಾಡಲಿಲ್ಲ.

ಉಳಿ ಹಿಡಿದ ಕ್ಯುವಿಯೇ

1758ರಲ್ಲಿ ಜ್ಯೂರಿಕ್‌ನವನೇ ಆದ ಯೋಹಾನೆಸ್ ಗೆಸ್ನರ್, ಇದು ಮನುಷ್ಯನಲ್ಲ, ಕ್ಯಾಟ್‌ಫಿಶ್ ಜಾತಿಯ ದೊಡ್ಡ ಮೀಸೆಯ ಮೀನು ಇರಬೇಕು ಎಂದ. ಆಮೇಲೆ ಡಚ್ ಅಂಗರಚನಾ ತಜ್ಞ ಪೆಟ್ರಸ್ ಕಾಂಪರ್ ಇದು ಹಲ್ಲಿಯ ಜಾತಿ ಎಂದ. ಮನುಷ್ಯನಾಗಿದ್ದದ್ದು ಮೀನಾಯಿತು, ಮೀನಾಗಿದ್ದದ್ದು ಹಲ್ಲಿಯಾಯಿತು. ಕಲ್ಲು ಮಾತ್ರ ಇದ್ದ ಹಾಗೇ ಇತ್ತು.

1802ರಲ್ಲಿ ಟೈಲರ್ಸ್ ಮ್ಯೂಸಿಯಂಗೆ ಅದನ್ನು ಕೊಂಡು ತಂದವನು ಅಲ್ಲಿನ ಮುಖ್ಯಸ್ಥ ಮಾರ್ಟಿನಸ್ ವಾನ್ ಮಾರಮ್. 1811ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಕ್ಯುವಿಯೇ ಹಾರ್ಲೆಮ್ಮಿಗೆ ಬಂದ. ಆಗ ಹಾಲೆಂಡು ನೆಪೋಲಿಯನ್ನನ ಫ್ರಾನ್ಸಿಗೆ ಸೇರಿತ್ತು. ಅಲ್ಲಿನ ವಿದ್ಯಾಸಂಸ್ಥೆಗಳನ್ನು ಪರಿಶೀಲಿಸುವುದು ಅವನ ಸರ್ಕಾರಿ ಕೆಲಸ. ಎಲುಬುಗಳನ್ನು ಹೋಲಿಸಿ ನೋಡಿ ಪ್ರಾಣಿಯನ್ನು ಗುರುತಿಸುವ ವಿದ್ಯೆಯಲ್ಲಿ ಆ ಕಾಲಕ್ಕೆ ಅವನ ಸಮಾನರಿರಲಿಲ್ಲ. ಮುದ್ರಿತ ಚಿತ್ರವನ್ನು ನೋಡಿಯೇ ಇದು ಸಲಮ್ಯಾಂಡರ್ ಎಂಬ ಅನುಮಾನ ಅವನಿಗೆ ಬಂದಿತ್ತು.

ಅವನು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟ. ವಾನ್ ಮಾರಮ್‌ನ ಒಪ್ಪಿಗೆ ಪಡೆದು ಕಲ್ಲನ್ನು ಕೆತ್ತಲು ಕೂತ. ಪಕ್ಕದಲ್ಲಿ ಸಾಮಾನ್ಯ ಸಲಮ್ಯಾಂಡರ್‌ನ ಅಸ್ಥಿಪಂಜರದ ಒಂದು ಚಿತ್ರ ಇಟ್ಟುಕೊಂಡಿದ್ದ. ಊಹೆ ಸರಿಯಾಗಿದ್ದರೆ ಇನ್ನೂ ಒಡೆಯದ ಕಲ್ಲಿನೊಳಗೆ, ಆ ಚಿತ್ರದಲ್ಲಿ ಎಲ್ಲಿ ಕೈಗಳಿವೆಯೋ ಅಲ್ಲೇ ಕೈಗಳು ಸಿಗಬೇಕು. ಉಳಿ ಇಟ್ಟು ಕಲ್ಲಿನ ಚಕ್ಕೆಗಳನ್ನು ಎಬ್ಬಿಸುತ್ತ ಹೋದಂತೆ... ಸಿಕ್ಕವು! ಹೇಳಿದ ಜಾಗದಲ್ಲೇ, ಹೇಳಿದ ಆಕಾರದಲ್ಲೇ.

ಶಾಯ್ಕ್ಸರ್ ಬಳಿಯೂ ಚಿತ್ರ ಇತ್ತು, ಕ್ಯುವಿಯೇ ಬಳಿಯೂ ಚಿತ್ರ ಇತ್ತು. ಮೊದಲನೆಯವನ ಚಿತ್ರ 'ನಂಬಿ' ಎನ್ನುತ್ತಿತ್ತು. ಎರಡನೆಯವನ ಚಿತ್ರ 'ಕೆತ್ತಿ ನೋಡಿ, ತಪ್ಪಿದ್ದರೆ ಗೊತ್ತಾಗುತ್ತದೆ' ಎನ್ನುತ್ತಿತ್ತು.

ಆ ಕಲ್ಲಿನ ಪ್ರಾಣಿ ಬದುಕಿದ್ದದ್ದು ಸುಮಾರು 1.3 ಕೋಟಿ ವರ್ಷಗಳ ಹಿಂದೆ. 1837ರಲ್ಲಿ ಯೋಹಾನ್ ಯಾಕೋಬ್ ಚೂಡಿ ಎಂಬ ಸ್ವಿಸ್ ವಿಜ್ಞಾನಿ ಅದಕ್ಕೆ ಆಂಡ್ರಿಯಾಸ್ ಶಾಯ್ಕ್ಸೆರಿ ಎಂದು ಹೆಸರಿಟ್ಟ. 'ಆಂಡ್ರಿಯಾಸ್' ಗ್ರೀಕ್ ಪದ. ಅರ್ಥ ಮನುಷ್ಯನ ಪ್ರತಿಮೆ! ಮನುಷ್ಯನಲ್ಲ ಎಂದು ಸಾಬೀತಾದ ಮೇಲೂ ಹೆಸರಿನಲ್ಲಿ ಮನುಷ್ಯ ಉಳಿದುಕೊಂಡ. ಇವತ್ತಿಗೂ ಜಪಾನಿನ, ಚೀನಾದ ಜೀವಂತ ದೈತ್ಯ ಸಲಮ್ಯಾಂಡರ್‌ಗಳ ಶಾಸ್ತ್ರೀಯ ಹೆಸರು ಶುರುವಾಗುವುದು ಆಂಡ್ರಿಯಾಸ್ ಎಂದೇ.

ಜೆಕ್ ಲೇಖಕ ಕಾರೆಲ್ ಚಾಪೆಕ್ 1936ರಲ್ಲಿ ಬರೆದ ಸಲಮ್ಯಾಂಡರ್ ಯುದ್ಧದ ಕಾದಂಬರಿಯಲ್ಲೂ ಇದೇ ಆಂಡ್ರಿಯಾಸ್ ಶಾಯ್ಕ್ಸೆರಿ ಬರುತ್ತದೆ. ಅಳಿದುಹೋಯಿತೆಂದುಕೊಂಡ ಜೀವಿ ದ್ವೀಪವೊಂದರ ಬಳಿ ಸಿಗುತ್ತದೆ. ಮನುಷ್ಯರು ಅದಕ್ಕೆ ಮಾತು ಕಲಿಸಿ, ಕೂಲಿಗೆ ಹಚ್ಚಿ, ಕೊನೆಗೆ ಅದರಿಂದಲೇ ಸಂಕಟಕ್ಕೆ ಸಿಲುಕುತ್ತಾರೆ. ಅಲ್ಲೂ ಈ ಪ್ರಾಣಿ ಮನುಷ್ಯನಿಗೆ ಹಿಡಿದ ಕನ್ನಡಿಯೇ.

ಹಂಝಾಕಿ

ಯುರೋಪಿನ ಪಂಡಿತರು ಕಲ್ಲಿನ ಸಲಮ್ಯಾಂಡರ್ ಬಗ್ಗೆ ಜಗಳವಾಡುತ್ತಿದ್ದಾಗ ಅದರ ಜೀವಂತ ಬಂಧು ಜಪಾನಿನ ಹೊಳೆಗಳಲ್ಲಿ ಆರಾಮವಾಗಿ ಮೀನು-ಏಡಿ ಹಿಡಿದು ತಿನ್ನುತ್ತಿತ್ತು. ಅಲ್ಲಿನ ಹಳ್ಳಿಗರಿಗೆ ಅದು ಹೊಸದೇನಲ್ಲ. ತೆರಾಜಿಮಾ ರ್‍ಯೋಆನ್ ಎಂಬ ವೈದ್ಯ ಸಂಪಾದಿಸಿದ 1712ರ ಸಚಿತ್ರ ವಿಶ್ವಕೋಶದಲ್ಲಿ ಅದರ ವಿವರ ಇದೆ. ಆದರೆ ಇರುವುದು ಮೀನುಗಳ ಗುಂಪಿನಲ್ಲಿ. ಜಪಾನಿ ಹೆಸರಿನಲ್ಲೂ ಅದು ಮೀನೇ - 'ಓ-ಸಾನ್‌ಶೋ-ಉವೋ', ದೊಡ್ಡ ಸಾನ್‌ಶೋ ಮೀನು. ಕೆರಳಿದಾಗ ಅದರ ಚರ್ಮದಿಂದ ಒಸರುವ ಲೋಳೆಗೆ ಸಾನ್‌ಶೋ ಎಂಬ ಸಂಬಾರದ ವಾಸನೆ ಎಂದು ಆ ಹೆಸರು. ಅಂದ ಹಾಗೆ ಸಾನ್‌ಶೋ ನಮಗೆ ತೀರಾ ಅಪರಿಚಿತವಲ್ಲ. ಮಲೆನಾಡಿನವರ ಜುಮ್ಮನಕಾಯಿ, ಕೊಂಕಣಿಗರು ಬಂಗುಡೆ ಸಾರಿಗೆ ಹಾಕುವ ತಿರ್ಫಳ ಇದೆಯಲ್ಲ, ಅದೇ ಕುಲದ ಗಿಡ. ನಾಲಿಗೆ ಜುಮ್ಮೆನ್ನುತ್ತದಲ್ಲ, ಅದೇ!

ಇನ್ನೊಂದು ಆಡುಮಾತಿನ ಹೆಸರು ಹಂಝಾಕಿ. 'ಹಾನ್' ಎಂದರೆ ಅರ್ಧ. ಅರ್ಧಕ್ಕೆ ಸೀಳಿದರೂ ಸಾಯುವುದಿಲ್ಲ ಎಂಬ ನಂಬಿಕೆಯಿಂದ ಬಂದ ಹೆಸರಂತೆ. ಒಕಾಯಾಮಾ ಪ್ರಾಂತ್ಯದ ಯುಬಾರಾ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ ಒಂದು ಕಥೆ ಹೇಳುತ್ತಾರೆ. ಹೊಳೆಯ ಮಡುವಿನಲ್ಲಿ ಹತ್ತು ಮೀಟರ್ ಉದ್ದದ ಹಂಝಾಕಿ ಇತ್ತು, ದನಕರುಗಳನ್ನೂ ಜನರನ್ನೂ ನುಂಗುತ್ತಿತ್ತು. ಒಬ್ಬ ತರುಣ ಕಠಾರಿ ಹಿಡಿದು ಮಡುವಿಗಿಳಿದು, ಅದರ ಹೊಟ್ಟೆ ಸೀಳಿ ಕೊಂದ. ಆಮೇಲೆ ಅವನ ಮನೆಗೆ ಕೇಡು ಬಂತು. ಹೆದರಿದ ಊರವರು ಹಂಝಾಕಿಗೆ ಗುಡಿ ಕಟ್ಟಿದರು. ಈಗಲೂ ಅಲ್ಲಿ ಆಗಸ್ಟ್ ತಿಂಗಳಲ್ಲಿ ಹಬ್ಬ, ದೊಡ್ಡ ಹಂಝಾಕಿಯ ಆಕೃತಿಗಳ ಮೆರವಣಿಗೆ. ಕೊಂದವರೇ ಗುಡಿ ಕಟ್ಟುವುದು, ಸತ್ತದ್ದು ದೈವವಾಗುವುದು - ನಮ್ಮ ಕರಾವಳಿಯ ಪಾಡ್ದನಗಳನ್ನು ಕೇಳಿದವರಿಗೆ ಇದು ಹೊಸದೆನಿಸಲಾರದು.

ಇಂಥದ್ದೇ ಒಂದು ಕಾಳಗವನ್ನು ಉಟಗಾವಾ ಕುನಿಯೋಶಿ (1797-1861) ಎಂಬ ಎದೋ ಕಾಲದ ಮಹಾ ಕಲಾವಿದ 1830ರ ದಶಕದಲ್ಲಿ ಬಣ್ಣದ ಮರದಚ್ಚಿನ ಚಿತ್ರವಾಗಿಸಿದ. ವೀರರ ಚಿತ್ರಮಾಲೆಯಲ್ಲಿ ಅದೂ ಒಂದು. ಹನಗಾಮಿ ಅರಕಾಗೆ ಎಂಬ ವೀರ ದೈತ್ಯ ಸಲಮ್ಯಾಂಡರನ್ನು ಅದುಮಿ ಹಿಡಿದು ಇರಿಯುತ್ತಿದ್ದಾನೆ. ಚಿತ್ರ ಅದ್ಭುತ. ಆದರೆ ಅದು ವೀರನ ಚಿತ್ರ, ಸಲಮ್ಯಾಂಡರ್‌ದಲ್ಲ. ವೀರ ಎಷ್ಟು ದೊಡ್ಡವನಾಗಬೇಕೋ ಅಷ್ಟಕ್ಕೆ ತಕ್ಕಂತೆ ಪ್ರಾಣಿಯೂ ಉಗ್ರವಾಗಬೇಕು. ಮಹಿಷಾಸುರ ಸಣ್ಣ ಎಮ್ಮೆಯಾಗಿದ್ದರೆ ಚಾಮುಂಡಿಗೆ ಏನು ಹೆಚ್ಚುಗಾರಿಕೆ?

ಹೊಳೆಯಲ್ಲಿರುವ ನಿಜವಾದ ಹಂಝಾಕಿಯ ಸ್ವಭಾವ ಬೇರೆ. ಗಂಡು ದಂಡೆಯ ಬಿಲದಲ್ಲಿ ಕೂತು, ಮಣಿಸರದಂತೆ ಪೋಣಿಸಿಕೊಂಡ ನೂರಾರು ಮೊಟ್ಟೆಗಳನ್ನು ತಿಂಗಳುಗಟ್ಟಲೆ ಕಾಯುತ್ತದೆ. ಬಾಲದಿಂದ ನೀರು ಬೀಸಿ ಅವಕ್ಕೆ ಗಾಳಿ ಒದಗಿಸುತ್ತದೆ. ಈ ಅಪ್ಪನ ಚಿತ್ರವನ್ನು ಯಾವ ವೀರರ ಮಾಲೆಯೂ ಬರೆಯಲಿಲ್ಲ.

ಹಡಗಿನಲ್ಲಿ ಹೊರಟ ಜೋಡಿ

ಕುನಿಯೋಶಿಯ ಚಿತ್ರಕ್ಕೆ ಕೆಲವೇ ವರ್ಷ ಮೊದಲು, 1826ರಲ್ಲಿ, ನಾಗಸಾಕಿಯ ಡಚ್ ಕೋಠಿಯ ವೈದ್ಯ ಫಿಲಿಪ್ ಫ್ರಾಂಜ್ ಫಾನ್ ಜೀಬೋಲ್ಡ್ ಎದೋ ನಗರಕ್ಕೆ (ಈಗಿನ ಟೋಕಿಯೋ) ಶೋಗನ್ನನ ದರ್ಶನಕ್ಕೆ ಹೊರಟ ತಂಡದಲ್ಲಿದ್ದ. ಅವನ ಜೊತೆಗೆ ಕವಾಹರಾ ಕೇಯ್ಗಾ ಎಂಬ ನಾಗಸಾಕಿಯ ಚಿತ್ರಕಾರನೂ ಇದ್ದ. ಕ್ಯಾಮೆರಾ ಇಲ್ಲದ ಕಾಲ. ದಾರಿಯಲ್ಲಿ ಕಂಡ ಗಿಡ, ಮೀನು, ಜನ, ಊರು ಎಲ್ಲವನ್ನೂ ಬರೆದಿಡುವುದು ಅವನ ಕೆಲಸ. ಆ ಪ್ರಯಾಣದಲ್ಲಿ, ಸುಜುಕಾ ಬೆಟ್ಟಗಳ ಹಾದಿಯಲ್ಲಿ, ಜೀಬೋಲ್ಡ್‌ಗೆ ದೈತ್ಯ ಸಲಮ್ಯಾಂಡರ್ ಸಿಕ್ಕಿತು.

ಮುಂದೆ ನಿಷಿದ್ಧ ನಕ್ಷೆಗಳನ್ನು ಇಟ್ಟುಕೊಂಡಿದ್ದ ಆರೋಪದ ಮೇಲೆ ಜಪಾನು ಅವನನ್ನು ಹೊರಹಾಕಿತು. 1830ರಲ್ಲಿ ಅವನು ಹಾಲೆಂಡು ತಲುಪಿದ. ಒಂದು ಜೋಡಿ ಜೀವಂತ ಸಲಮ್ಯಾಂಡರ್‌ಗಳು ಹಡಗು ಹತ್ತಿದ್ದವು, ದಾರಿಯಲ್ಲಿ ಗಂಡು ಹೆಣ್ಣನ್ನು ತಿಂದುಹಾಕಿತು ಎಂದು ಹೇಳುತ್ತಾರೆ. ಉಳಿದ ಒಂಟಿ ಪ್ರಾಣಿ ಮಾತ್ರ ಮೊದಲು ಲೈಡನ್ನಿನಲ್ಲಿ, ಆಮೇಲೆ ಆಂಸ್ಟರ್‌ಡ್ಯಾಮಿನ ಆರ್ಟಿಸ್ ಮೃಗಾಲಯದಲ್ಲಿ 1881ರವರೆಗೆ ಬದುಕಿತ್ತು. ಅರ್ಧ ಶತಮಾನ!

ಪಾಪಿಯ ಕಲ್ಲು ಇರುವ ಹಾರ್ಲೆಮ್ಮಿಗೂ ಆಂಸ್ಟರ್‌ಡ್ಯಾಮಿಗೂ ಇಪ್ಪತ್ತು ಕಿಲೋಮೀಟರಿನಷ್ಟೇ ದೂರ. ಒಂದು ಊರಿನಲ್ಲಿ ಕಲ್ಲಾದ ಆಂಡ್ರಿಯಾಸ್, ಪಕ್ಕದ ಊರಿನಲ್ಲಿ ಉಸಿರಾಡುವ ಆಂಡ್ರಿಯಾಸ್. ಯುರೋಪಿನವರು ಪಳೆಯುಳಿಕೆಯನ್ನು ಮೊದಲು ನೋಡಿ, ಜೀವಂತ ಪ್ರಾಣಿಯನ್ನು ಆಮೇಲೆ ನೋಡಿದರು.

ಜೀಬೋಲ್ಡ್ ತಂದ ಸಂಗ್ರಹವನ್ನು ಆಧರಿಸಿ ಲೈಡನ್ನಿನ ಟೆಮಿಂಕ್ ಮತ್ತು ಶ್ಲೇಗೆಲ್ 'ಫೌನಾ ಜಪೋನಿಕಾ' ಎಂಬ ಸಚಿತ್ರ ಗ್ರಂಥಮಾಲೆಯಲ್ಲಿ ಜಪಾನಿನ ಪ್ರಾಣಿಗಳನ್ನು ವರ್ಣಿಸಿದರು. ದೈತ್ಯ ಸಲಮ್ಯಾಂಡರ್ 1836ರಲ್ಲಿ ಶಾಸ್ತ್ರೀಯ ಹೆಸರು ಪಡೆಯಿತು. ಆ ಫಲಕಗಳಲ್ಲಿ ವೀರನೂ ಇಲ್ಲ, ಪಾಪಿಯೂ ಇಲ್ಲ. ಪ್ರಾಣಿ ಮಾತ್ರ ಇದೆ.

ಇಂಥ ಚಿತ್ರ ಬರೆಯುವುದು ಸುಲಭದ ಕೆಲಸವಲ್ಲ. ಆಲ್ಕೋಹಾಲಿನಲ್ಲಿ ಅದ್ದಿಟ್ಟ ಪ್ರಾಣಿಯ ಬಣ್ಣ ಮಾಸುತ್ತದೆ, ಚರ್ಮ ಸುಕ್ಕಾಗುತ್ತದೆ, ಪಕ್ಕದ ನಿರಿಗೆಗಳು ಅಂಟಿಕೊಳ್ಳುತ್ತವೆ. ಜೀವಂತ ಪ್ರಾಣಿಯೋ ಕಂದು-ಕಪ್ಪು ಮಚ್ಚೆಗಳೊಡನೆ ಹೊಳೆಯ ತಳದ ಕಲ್ಲಿನ ಹಾಗೇ ಕಾಣುತ್ತದೆ. ಕಾಣದಿರುವುದೇ ಅದರ ಕಸುಬು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ತಲೆಯ ಮೇಲಿನ ಗಂಟುಗಳು ಜಪಾನಿನದರಲ್ಲಿ ದೊಡ್ಡವು, ಚೀನಾದ್ದರಲ್ಲಿ ಸಣ್ಣವು, ಜೋಡಿಜೋಡಿಯಾಗಿ ಇರುತ್ತವೆ. ಬರೆಯುವವನು ಇದನ್ನೆಲ್ಲ ಎಣಿಸಲೇಬೇಕು. ನೋಡುವುದು ಎಂದರೆ ಎಣಿಸುವುದು ಎಂದು ಕಲಿಸಿದ್ದು ಇಂಥ ಚಿತ್ರಗಳು.

ಐದೂವರೆ ಸಾವಿರ ವರ್ಷದ ಹೂಜಿ

ಜಪಾನಿಗಿಂತ ಪಶ್ಚಿಮಕ್ಕೆ, ಚೀನಾದ ಗಾನ್ಸು ಪ್ರಾಂತ್ಯದ ಮ್ಯೂಸಿಯಂನಲ್ಲಿ ಇವೆಲ್ಲಕ್ಕಿಂತ ಬಹಳ ಹಳೆಯ ಚಿತ್ರ ಒಂದಿದೆ. ಗಾಂಗು ಎಂಬಲ್ಲಿ 1958ರಲ್ಲಿ ಸಿಕ್ಕ ಮಣ್ಣಿನ ಹೂಜಿ, ಎತ್ತರ ಒಂದೂಕಾಲು ಅಡಿ. ಯಾಂಗ್‌ಶಾವ್ ಸಂಸ್ಕೃತಿಯದು, ಸುಮಾರು ಐದೂವರೆ ಸಾವಿರ ವರ್ಷ ಹಳೆಯದು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಪ್ರಾಣಿ. ಬಲೆಯಂಥ ಗೆರೆಗಳ ಮೈ, ಪಕ್ಕಕ್ಕೆ ಚಾಚಿದ ಕೈಗಳು, ಬಳಸಿ ಮೇಲೆ ಬಂದ ಬಾಲ. ಚೀನೀಯರು ಇದನ್ನು ದೈತ್ಯ ಸಲಮ್ಯಾಂಡರ್‌ನ ಹೂಜಿ ಎಂದೇ ಕರೆಯುತ್ತಾರೆ. ಡ್ರಾಗನ್‌ನ ಮೊದಲ ರೂಪ ಎನ್ನುವವರೂ ಇದ್ದಾರೆ, ಪುರಾಣದ ಫುಶಿ ಎನ್ನುವವರೂ ಇದ್ದಾರೆ.

ಅದರ ಮುಖ ಮಾತ್ರ ಮನುಷ್ಯನದು! ದುಂಡು ಕಣ್ಣು, ಬಾಯಿ, ನಮ್ಮನ್ನೇ ನೋಡುತ್ತಿರುವ ಹಾಗೆ.

ಚೀನೀ ಆಡುಮಾತಿನಲ್ಲಿ ಈ ಪ್ರಾಣಿಯನ್ನು ಕರೆಯುವುದು 'ವಾವಾ ಯು', ಅಂದರೆ ಮಗು ಮೀನು. ಅದರ ಕೂಗು ಹಸುಗೂಸಿನ ಅಳುವಿನಂತೆ ಎಂದು. ಗಾನ್ಸುವಿನ ಕುಂಬಾರ, ಜ್ಯೂರಿಕ್‌ನ ವೈದ್ಯ ಇಬ್ಬರ ನಡುವೆ ಐದು ಸಾವಿರ ವರ್ಷ, ಅರ್ಧ ಭೂಖಂಡ. ಆದರೂ ಇಬ್ಬರೂ ಅದಕ್ಕೆ ಮನುಷ್ಯನ ಮುಖ ಅಂಟಿಸಿದರು.

ಎಲ್ಲವೂ ಒಂದೇ ಥರ ಕಾಣುತ್ತವೆ ಎಂಬ ತಪ್ಪು

'ಜೀವಂತ ಪಳೆಯುಳಿಕೆ' ಎಂಬ ಮಾತನ್ನು ಚಲಾವಣೆಗೆ ತಂದವನು ಡಾರ್ವಿನ್, 1859ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ. ಮಾತು ಚೆನ್ನಾಗಿದೆ, ಆದರೆ ಅದೂ ಒಂದು ಚಿತ್ರವೇ. ಕಾಲ ನಿಂತುಹೋದ ಪ್ರಾಣಿ, ಬದಲಾಗದ ಪ್ರಾಣಿ ಎಂಬ ಚಿತ್ರ. ಕೋಟಿ ವರ್ಷದಿಂದ ಬದಲಾಗದ್ದು ಎಂದ ಮೇಲೆ ಈ ಹೊಳೆಯದ್ದೂ ಆ ಹೊಳೆಯದ್ದೂ ಬೇರೆ ಯಾಕಿರುತ್ತದೆ? ಎಲ್ಲ ಒಂದೇ ಅಲ್ಲವೇ?

ಚೀನಾದ ದೈತ್ಯ ಸಲಮ್ಯಾಂಡರ್‌ಗೆ 1871ರಲ್ಲಿ ಹೆಸರು ಬಂತು - ಫ್ರೆಂಚ್ ಪಾದ್ರಿ ಅರ್ಮಾನ್ ಡೇವಿಡ್ ನೆನಪಿಗೆ ಆಂಡ್ರಿಯಾಸ್ ಡೇವಿಡಿಯಾನಸ್ ಎಂದು ಈಗ ಕರೆಯುವುದು ಅದನ್ನೇ. 1920ರ ದಶಕದಲ್ಲಿ ಹಾಂಗ್‌ಕಾಂಗ್‌ನ ಸಸ್ಯೋದ್ಯಾನದಲ್ಲಿ ಮಳೆನೀರಿನ ಕೊಳವೆಯಿಂದ ಹೊರಬಂದ ಒಂದು ದೈತ್ಯ ಸಲಮ್ಯಾಂಡರ್ ಲಂಡನ್ ಮೃಗಾಲಯ ಸೇರಿತು. 1924ರಲ್ಲಿ ಅಲ್ಲಿನ ಎಡ್ವರ್ಡ್ ಬುಲಾಂಜೆ ಇದು ಬೇರೆಯೇ ಜಾತಿ ಎಂದು ಹೇಳಿ, ಅದಕ್ಕೆ ಸ್ಲೈಗೋ ಪ್ರಭುವಿನ ಹೆಸರಿಟ್ಟ. ಉಳಿದವರು ಒಪ್ಪಲಿಲ್ಲ. ಎಲ್ಲ ಒಂದೇ ಥರ ಕಾಣುತ್ತವಲ್ಲ ಎಂದು ಮತ್ತೆ ಒಂದೇ ಬುಟ್ಟಿಗೆ ಹಾಕಿದರು.

ಆಮೇಲೆ ಅವುಗಳ ಮಾಂಸಕ್ಕೆ ಬೇಡಿಕೆ ಬಂತು. ಚೀನಾದ ಬೆಟ್ಟದ ಊರುಗಳಲ್ಲಿ ಸಾಕಣೆ ಕೇಂದ್ರಗಳು ಎದ್ದವು, ಅವುಗಳಿಗೆ ಬೀಜದ ಪ್ರಾಣಿಗಳೆಂದು ಎಲ್ಲೆಲ್ಲಿಂದಲೋ ಹಿಡಿದು ತಂದು ಒಂದೇ ತೊಟ್ಟಿಯಲ್ಲಿ ಬಿಟ್ಟರು. ಕಾಡಿನಲ್ಲಿ ಕಡಿಮೆಯಾದಾಗ ಸಂರಕ್ಷಣೆಯ ಹೆಸರಿನಲ್ಲಿ ಸಾಕಿದ ಹತ್ತಾರು ಸಾವಿರ ಮರಿಗಳನ್ನು ಹೊಳೆಗಳಿಗೆ ಬಿಟ್ಟರು. ಒಳ್ಳೆಯ ಉದ್ದೇಶವೇ. ಕೆರೆಗೆ ಮೀನುಮರಿ ಬಿಟ್ಟಂತೆ.

2018ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಹೊರಬಂದವು. ಒಂದರಲ್ಲಿ 2013ರಿಂದ 2016ರವರೆಗೆ ಚೀನಾದ 97 ಕಡೆ ಹೊಳೆಗಳನ್ನು ಜಾಲಾಡಿದ್ದರು. ದೈತ್ಯ ಸಲಮ್ಯಾಂಡರ್ ಸಿಕ್ಕಿದ್ದು ನಾಲ್ಕೇ ಕಡೆ, ಒಟ್ಟು 24. ಅವೂ ಸಾಕಣೆಯ ಮೂಲದವೇ ಇರಬಹುದು ಎಂಬ ಅನುಮಾನ. ಇನ್ನೊಂದರಲ್ಲಿ ಡಿಎನ್ಎ ನೋಡಿದಾಗ, ಒಂದೇ ಜಾತಿ ಎಂದುಕೊಂಡದ್ದು ಕನಿಷ್ಠ ಐದು ಜಾತಿಗಳು ಎಂದು ಗೊತ್ತಾಯಿತು. ಹತ್ತಾರು ಲಕ್ಷ ವರ್ಷಗಳ ಹಿಂದೆಯೇ ಬೇರೆ ಬೇರೆ ನದಿಗಳಲ್ಲಿ ಬೇರೆಯಾದವು. ಅವನ್ನೆಲ್ಲ ಸಾಕಣೆಯ ತೊಟ್ಟಿಗಳಲ್ಲಿ ಕಲಸಿ, ಕಲಸಿದ್ದನ್ನು ಮತ್ತೆ ಹೊಳೆಗೆ ಬಿಟ್ಟಾಗಿತ್ತು.

2019ರಲ್ಲಿ ಮ್ಯೂಸಿಯಂಗಳ ಹಳೆಯ ಮಾದರಿಗಳ ಡಿಎನ್ಎ ತೆಗೆದು ನೋಡಿದರು. 1924ರಲ್ಲಿ ಬುಲಾಂಜೆ ಹೇಳಿದ್ದು ಸರಿಯಾಗಿತ್ತು! ಹಾಂಗ್‌ಕಾಂಗ್‌ನ ಕೊಳವೆಯಿಂದ ಬಂದದ್ದು ನಿಜಕ್ಕೂ ಬೇರೆ ಜಾತಿ, ದಕ್ಷಿಣ ಚೀನಾದ ದೈತ್ಯ ಸಲಮ್ಯಾಂಡರ್. ಆದರೆ ಆ ಹೊತ್ತಿಗೆ ಅದನ್ನು ಹೊಳೆಗಳಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಒಬ್ಬ ಮನುಷ್ಯ ಕಣ್ಣಿಟ್ಟು ನೋಡಿ ಹೇಳಿದ್ದನ್ನು ಕೇಳಿಸಿಕೊಳ್ಳಲು ಜಗತ್ತಿಗೆ ತೊಂಬತ್ತೈದು ವರ್ಷ ಬೇಕಾಯಿತು.

ಜಪಾನಿನಲ್ಲೂ ಇದೇ ಗೋಳು. ಅಲ್ಲಿ 1952ರಲ್ಲೇ ದೈತ್ಯ ಸಲಮ್ಯಾಂಡರನ್ನು ವಿಶೇಷ ನೈಸರ್ಗಿಕ ಸ್ಮಾರಕ ಎಂದು ಘೋಷಿಸಿ ರಕ್ಷಣೆ ಕೊಟ್ಟಿದ್ದಾರೆ. 1970ರ ದಶಕದಲ್ಲಿ ತಿನ್ನಲೆಂದು ಚೀನಾದಿಂದ ತರಿಸಿದವುಗಳಲ್ಲಿ ಕೆಲವು ಹೇಗೋ ಹೊಳೆ ಸೇರಿದವು. ಕ್ಯೋಟೋ ನಗರದ ನಡುವೆ ಹರಿಯುವ ಕಾಮೋ ನದಿಯಲ್ಲಿ ಸಿಗುವವು ಈಗ ಬಹುಪಾಲು ಮಿಶ್ರ ತಳಿಗಳು. ಸ್ಥಳೀಯ ಜಾತಿಯನ್ನು ಉಳಿಸಲು 2024ರಲ್ಲಿ ಚೀನೀ ಜಾತಿಯನ್ನೂ ಮಿಶ್ರತಳಿಗಳನ್ನೂ ಆಕ್ರಮಣಕಾರಿ ಪರದೇಶಿ ಪ್ರಾಣಿಗಳೆಂದು ಘೋಷಿಸಿದರು. ಸ್ಮಾರಕ ಯಾವುದು, ಆಕ್ರಮಣಕಾರಿ ಯಾವುದು ಎಂದು ಮೇಲ್ನೋಟಕ್ಕೆ ಹೇಳುವುದು ಕಷ್ಟ. ಡಿಎನ್ಎ ನೋಡಬೇಕು.

ಹಾಗೆ ನೋಡುತ್ತಿರುವಾಗಲೇ ಒಂದು ಅಚ್ಚರಿ ಸಿಕ್ಕಿತು. ಜಪಾನಿನಲ್ಲಿದ್ದ ಚೀನೀ ಮೂಲದ ಪ್ರಾಣಿಗಳ ಡಿಎನ್ಎ ಪರೀಕ್ಷಿಸಿದಾಗ ನಾಲ್ಕು ಪ್ರಾಣಿಗಳು ದಕ್ಷಿಣ ಚೀನಾದ ಆ ಸ್ಲೈಗೋ ಜಾತಿಯವೆಂದು ತಿಳಿಯಿತು. 2024ರಲ್ಲಿ ಅಧ್ಯಯನ ಪ್ರಕಟವಾದಾಗ ಅವುಗಳಲ್ಲಿ ಎರಡು ಬದುಕಿದ್ದವು. ಊಟಕ್ಕೆಂದು ತಂದದ್ದರ ಪೈಕಿ, ತಾಯ್ನಾಡಿನಲ್ಲಿ ಕಾಣದಾದ ಜಾತಿ ಪರದೇಶದ ತೊಟ್ಟಿಯಲ್ಲಿ ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿತ್ತು. ಅದು ಎಲ್ಲದರ ಹಾಗೇ ಕಾಣುತ್ತಿತ್ತಲ್ಲ, ಯಾರು ಯಾಕೆ ಕೇಳುತ್ತಾರೆ?

ಕೊನೆಗೆ

ಶಾಯ್ಕ್ಸರ್‌ನ ಕಥೆ ಕೇಳಿ ನಗುವುದು ಸುಲಭ. ಆದರೆ ಅವನ ತಪ್ಪಿನಿಂದ ಯಾವ ಸಲಮ್ಯಾಂಡರ್‌ಗೂ ನೋವಾಗಲಿಲ್ಲ. ಅವನ ಪಾಪಿ ಸತ್ತು 1.3 ಕೋಟಿ ವರ್ಷ ಆಗಿತ್ತು. 'ಜೀವಂತ ಪಳೆಯುಳಿಕೆ, ಎಲ್ಲ ಒಂದೇ' ಎಂಬ ನಮ್ಮ ಕಾಲದ ಚಿತ್ರಕ್ಕೆ ಬೆಲೆ ತೆತ್ತಿದ್ದು ಬದುಕಿದ್ದ ಪ್ರಾಣಿಗಳು. ಎರಡೂ ಒಂದೇ ಬಗೆಯ ತಪ್ಪು. ಮನಸ್ಸಿನಲ್ಲಿ ಮೊದಲೇ ಇದ್ದ ಚಿತ್ರವನ್ನು ಪ್ರಾಣಿಯ ಮೇಲೆ ಹೊದಿಸಿ, ಆಮೇಲೆ ಪ್ರಾಣಿಯನ್ನು ನೋಡುವುದು ನಿಲ್ಲಿಸಿದ್ದು.

ಒಳ್ಳೆಯ ಚಿತ್ರಕಾರ ಏನು ಮಾಡುತ್ತಾನೆಂದರೆ, ಬೆರಳನ್ನು ಎಣಿಸುತ್ತಾನೆ. ತನಗೆ ಗೊತ್ತಿದೆ ಎಂದುಕೊಂಡರೂ ಇನ್ನೊಮ್ಮೆ ಎಣಿಸುತ್ತಾನೆ. ಒಳ್ಳೆಯ ವಿಜ್ಞಾನಿಯೂ ಅದನ್ನೇ ಮಾಡುತ್ತಾನೆ, ಕ್ಯುವಿಯೇ ಉಳಿ ಹಿಡಿದು ಮಾಡಿದ, ಈಗಿನವರು ಡಿಎನ್ಎ ಹಿಡಿದು ಮಾಡುತ್ತಿದ್ದಾರೆ.

ಗಾನ್ಸುವಿನ ಹೂಜಿಯ ಮೇಲಿನ ಮನುಷ್ಯಮುಖದ ಪ್ರಾಣಿ ಐದೂವರೆ ಸಾವಿರ ವರ್ಷ ಬಾಳಿದೆ, ಇನ್ನೂ ಬಾಳುತ್ತದೆ. ಹಾರ್ಲೆಮ್ಮಿನ ಕಲ್ಲಿಗೂ ಏನೂ ಆಗುವುದಿಲ್ಲ. ಹೊಳೆಯಲ್ಲಿರುವವುಗಳ ಬಗ್ಗೆ ಹಾಗೆ ಧೈರ್ಯವಾಗಿ ಹೇಳುವಂತಿಲ್ಲ. ಯಾವ ಹೊಳೆಯಲ್ಲಿ ಯಾವುದು ಉಳಿದಿದೆ ಎಂದು ಒಂದೊಂದನ್ನೇ ಎಣಿಸುವ ಕೆಲಸ ಇನ್ನೂ ಮುಗಿದಿಲ್ಲ.